ಇಲ್ಲದ ಕೈಯ ಮುಷ್ಟಿ

ನನ್ನ ಬಲಗೈ ಮೊಣಕೈಯಿಂದ ಕೆಳಗೆ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬಸ್ಸಿನಲ್ಲಿ ಎದುರು ಸೀಟಿನವರು ಮಾಡುವ ಹಾಗೆ ನೀವೂ ಕಿಟಕಿ ನೋಡುವ ನೆಪದಲ್ಲಿ ನನ್ನ ತೋಳನ್ನೇ ನೋಡುತ್ತಾ ಕೂರುತ್ತೀರಿ. ನೋಡಿದ್ದಾಯಿತಲ್ಲ, ಮುಂದೆ ಹೋಗೋಣ.

ಸುರಪುರದ ಒಂದು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುವುದು ನನ್ನ ಕೆಲಸ. ಮನೆ ಶಹಾಪುರದಲ್ಲಿ. ನಮ್ಮದೊಂದು ತುಂಡು ಹೊಲ ವನದುರ್ಗದ ಹತ್ತಿರ ಇದೆ. ತೊಗರಿ ರಾಶಿಯ ದಿನ ರಜೆ ಹಾಕಿ ಅಲ್ಲಿಗೆ ಹೋಗಿದ್ದೆ. ಆಳುಗಳು ಊಟಕ್ಕೆ ಕೂತಿದ್ದರು, ಕಾಳು ಬಿಡಿಸುವ ಬಾಡಿಗೆ ಮಷೀನು ಸುಮ್ಮನೆ ಓಡುತ್ತಿತ್ತು, ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ. ಒಂದು ಹಿಡಿ ತೊಗರಿ ಗಿಡವನ್ನು ಮಷೀನಿನ ಬಾಯಿಗೆ ಕೊಟ್ಟೆ. ಗಿಡದ ಜೊತೆ ಅಂಗಿಯ ತೋಳು ಒಳಗೆ ಹೋಯಿತು, ಅಂಗಿಯ ಜೊತೆ ಕೈಯೂ ಹೋಯಿತು. ಹಿಡಿದದ್ದನ್ನು ಬಿಟ್ಟುಬಿಟ್ಟಿದ್ದರೆ ಉಳಿಯುತ್ತಿತ್ತೋ ಏನೋ. ನನ್ನ ಕೈ ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೊದಲು ಗೊತ್ತಾದದ್ದು ಬಲಗೈ ಮುಷ್ಟಿ ಕಟ್ಟಿದೆ ಎಂಬುದು. ಹೆಬ್ಬೆರಳು ಒಳಗೆ ಸಿಕ್ಕಿಕೊಂಡಿತ್ತು. ಉಗುರುಗಳು ಅಂಗೈಗೆ ಇಳಿದಿದ್ದವು. ನೋವೆಂದರೆ ನೋವು. ಮುಷ್ಟಿ ಬಿಚ್ಚೋಣವೆಂದು ನೋಡಿದೆ, ಬಿಚ್ಚಲಿಲ್ಲ. ತಲೆ ಎತ್ತಿದರೆ ಅಲ್ಲಿ ಬಿಳಿ ಪಟ್ಟಿ ಸುತ್ತಿದ ಮೋಟು ತೋಳು ಇತ್ತು, ಅದರಾಚೆ ಹಾಸಿಗೆಯ ಚಾದರ.

"ಕೈ ಹೋದರೂ ಮಿದುಳಿನೊಳಗೆ ಅದರ ಜಾಗ ಹಾಗೇ ಇರುತ್ತದೆ" ಎಂದರು ಡಾಕ್ಟರು. ಕೆಲವರಿಗೆ ಇಲ್ಲದ ಕೈ ತುರಿಸುತ್ತದಂತೆ, ಕೆಲವರಿಗೆ ತಣ್ಣಗಾಗುತ್ತದಂತೆ. ನನ್ನದು ಮುಷ್ಟಿ ಕಟ್ಟಿಕೊಂಡು ನಿಂತಿತ್ತು. ಹೋಗುತ್ತದೆ, ಕಾಲ ಬೇಕು ಎಂದರು. ಕಾಲ ಕೊಟ್ಟೆ. ಹೋಗಲಿಲ್ಲ.

ಎಡಗೈಯ ಬದುಕನ್ನು ಜನ ಬೇಗ ಒಪ್ಪಿಕೊಳ್ಳುತ್ತಾರೆ ಅಂದುಕೊಳ್ಳಬೇಡಿ. ಮದುವೆ ಊಟದಲ್ಲಿ ನಾನು ಎಡಗೈಯಿಂದ ರೊಟ್ಟಿ ಮುರಿದರೆ ಪಕ್ಕದವರು ಎಲೆ ಒಂಚೂರು ಆಚೆ ಎಳೆದುಕೊಳ್ಳುತ್ತಾರೆ. ಆಮೇಲೆ ತೋಳು ಕಂಡು ನಾಚಿಕೆಯಾಗಿ ನನಗೇ ಎರಡು ಹೋಳಿಗೆ ಹೆಚ್ಚು ಹಾಕಿಸುತ್ತಾರೆ. ಶರಣು ಅನ್ನಲು ಒಂದೇ ಅಂಗೈ ಎತ್ತಿದರೆ ಎದುರಿನವರು ನಾನು ಅವರನ್ನು ತಡೆಯುತ್ತಿದ್ದೇನೆ ಅಂದುಕೊಂಡು ನಿಂತುಬಿಡುತ್ತಾರೆ. ಇವನ್ನೆಲ್ಲ ನಗುತ್ತಾ ದಾಟಬಹುದು, ದಾಟಿದೆ. ದಾಟಲಾಗದ್ದು ಆ ಮುಷ್ಟಿ. ಪಾಠ ಮಾಡುವಾಗ ಬಿಗಿಯುತ್ತಿತ್ತು, ಸ್ನಾನ ಮಾಡುವಾಗ ಬಿಗಿಯುತ್ತಿತ್ತು. ಬಾಗಿಲಿಲ್ಲದ ಕೋಣೆಯಲ್ಲಿ ಕೂಡಿಹಾಕಿದಂತೆ ಇತ್ತು ನನ್ನ ಸ್ಥಿತಿ. ಬಾಗಿಲು ಬಡಿಯೋಣವೆಂದರೂ ಕೈ ಬೇಕಲ್ಲ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ನನ್ನ ಪಾಠದ ಮೇಲೆಯೇ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುವ ಉದಾಹರಣೆಯನ್ನು ವರ್ಷವರ್ಷವೂ ಹೇಳುತ್ತಾ ಬಂದವನು ನಾನು. ಹಾವೆಂದು ಹೆದರುತ್ತೀರಿ, ಮೈ ಬೆವರುತ್ತದೆ, ದೀಪ ತರುತ್ತೀರಿ, ಹಗ್ಗ ಕಾಣುತ್ತದೆ, ಹಾವು ಹೋಗುತ್ತದೆ, ಭಯವೂ ಹೋಗುತ್ತದೆ. ತಿಳಿವಳಿಕೆ ಬಂದ ಕ್ಷಣ ಭ್ರಮೆಗೆ ಬೆಲೆಯಿಲ್ಲ ಎಂದು ಮೇಜು ಕುಟ್ಟಿ ಹೇಳುತ್ತಿದ್ದೆ. ಈಗ ನನ್ನ ಹತ್ತಿರ ದೀಪವೂ ಇತ್ತು, ನಡು ಮಧ್ಯಾಹ್ನದ ಶಹಾಪುರದ ಬಿಸಿಲೂ ಇತ್ತು. ಕೈ ಇಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಹಾವು ಕಚ್ಚುತ್ತಲೇ ಇತ್ತು.

ಒಂದು ದಿನ ಅವ್ವನ ಮುಂದೆ ಇಲ್ಲದ ಕೈ ನೋಯುತ್ತದೆಂದು ಬಾಯಿ ತಪ್ಪಿ ಅಂದುಬಿಟ್ಟೆ. ಅವ್ವ ನನ್ನ, ನನ್ನ ಹೆಂಡತಿಯ ಜೊತೆಗೇ ಇರುತ್ತಾಳೆ. ಬೇಳೆ ಆರಿಸುತ್ತಾ ಕೂತಿದ್ದಳು.

"ನೋವು ಅಂದ್ರ ಎಂಥಾ ನೋವಪಾ?" ಎಂದು ಕೇಳಿದಳು.

"ಮುಷ್ಟಿ ಕಟ್ಟಿಧಂಗ ಆಗ್ಯಾದವ್ವ. ಬಿಚ್ಚವಲ್ದು."

ಅವ್ವನ ಕೈ ಮೊರದ ಮೇಲೆ ನಿಂತಿತು. ಆಮೇಲೆ ಹೇಳಿದಳು.

"ನಾನೇ ಮುಚ್ಚೀನಿ ಯಪ್ಪಾ ಅದನ್ನ."

ನನ್ನನ್ನು ಜೀಪಿನಲ್ಲಿ ಆಸ್ಪತ್ರೆಗೆ ಒಯ್ದ ಮೇಲೆ ಹೊಟ್ಟಿನ ರಾಶಿಯಲ್ಲಿ ಕೈ ಸಿಕ್ಕಿತಂತೆ. ಅದನ್ನು ನಾಯಿ ಪಾಲು ಮಾಡಲಾಗುತ್ತದೆಯೇ? ಅವ್ವ ಅದನ್ನು ತೊಳೆದು, ಅರಿಶಿನ ಹಚ್ಚಿ, ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಹೊಲದ ಬದುವಿನಲ್ಲಿ ಹೂಳಿಸಿದಳು. ಹೂಳುವ ಮೊದಲು ಒಂದು ಕೆಲಸ ಮಾಡಿದ್ದಳು. ನಮ್ಮ ಮನೆಯಿಂದ ಅವ್ವ ಯಾರನ್ನೂ ಬರಿಗೈಯಲ್ಲಿ ಕಳಿಸಿದವಳಲ್ಲ. ಬಳೆಗಾರನಿರಲಿ, ಬೀಗರಿರಲಿ, ಹೊಸ್ತಿಲು ದಾಟುವ ಮುನ್ನ ಕೈಗೆ ಏನಾದರೂ ಹಾಕಲೇಬೇಕು, ಒಂದು ಹಿಡಿ ಕಾಳಾದರೂ ಸರಿ. ಮಗನ ಕೈಯನ್ನು ಬರಿದಾಗಿ ಹೇಗೆ ಕಳಿಸುತ್ತಾಳೆ? ಅಂಗೈ ತುಂಬ ಆ ದಿನದ ಹೊಸ ತೊಗರಿ ಹಾಕಿ, ಬೆರಳುಗಳನ್ನು ಒಂದೊಂದಾಗಿ ಮಡಚಿ, ಚೆಲ್ಲಬಾರದೆಂದು ದಾರದಿಂದ ಬಿಗಿಯಾಗಿ ಕಟ್ಟಿದ್ದಳು.

"ಬಿಚ್ಚಿ ಬರ್ತೀನಿ. ಎಲ್ಲಿ ಹೂಳೀವಿ ಅಂತ ನನಗ ಗೊತ್ತದ" ಎಂದು ಎದ್ದು ನಿಂತಳು. ಮೊಣಕಾಲು ಹಿಡಿದುಕೊಂಡು ನಿಂತ ಆ ಮುದುಕಿಯನ್ನು ಕೂರಿಸುವಷ್ಟರಲ್ಲಿ ನನಗೆ ಸಾಕು ಸಾಕಾಯಿತು. ಮಣ್ಣಿನಲ್ಲಿರುವ ಕೈಗೂ ನನ್ನ ನೋವಿಗೂ ಸಂಬಂಧವಿಲ್ಲ, ಎಚ್ಚರವಾದಾಗಲೇ ನನ್ನದು ಮುಷ್ಟಿ ಕಟ್ಟಿತ್ತು ಎಂದು ಹೇಳಿದೆ. "ಹೂಳಿದ್ದು ಅದಕ್ಕಿಂತ ಮೊದಲ ಅಲಾ" ಎಂದಳು. ಅಂದಿನಿಂದ ನನ್ನ ಮುಷ್ಟಿಯೊಳಗೆ ಅವ್ವನೂ ಸಿಕ್ಕಿಕೊಂಡಳು. ನಾನು ಹಲ್ಲು ಕಚ್ಚಿದರೆ ಅವಳು ಊಟದ ತಟ್ಟೆ ಸರಿಸಿ ಎದ್ದುಹೋಗುತ್ತಿದ್ದಳು. ಅವಳಿಗೆ ಕಾಣಬಾರದೆಂದು ನಾನು ನೋವನ್ನು ಹಿತ್ತಲಿಗೆ ಒಯ್ದು ಅನುಭವಿಸಿ ಬರುತ್ತಿದ್ದೆ.

ಹೀಗಿರುವಾಗ ಯಾದಗಿರಿಯ ಒಂದು ಖಾಸಗಿ ದವಾಖಾನೆಯಲ್ಲಿ ಇಂಥದ್ದಕ್ಕೆ ಹೊಸ ಕನ್ನಡಕ ಬಂದಿದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಯಾವುದೋ ಸಂಸ್ಥೆ ಪ್ರಯೋಗಕ್ಕೆಂದು ಕೊಟ್ಟದ್ದು, ಸ್ವಲ್ಪ ಕಾಲದ ಮಟ್ಟಿಗೆ. ಕನ್ನಡಕದಿಂದ ಕೈ ಬರುತ್ತದೆಯೇ ಎಂದು ಹಂಗಿಸಿಯೇ ಹೋದೆ. ಅಲ್ಲಿನ ಫಿಸಿಯೋಥೆರಪಿಯ ಹುಡುಗಿ ಚುರುಕಾಗಿದ್ದಳು. ಮೋಟು ತೋಳಿಗೆ ಕಪ್ಪು ಬಿಳುಪು ಚೌಕಗಳ ಒಂದು ಪಟ್ಟಿ ಸುತ್ತಿದಳು, ಸ್ನಾಯುವಿನ ಮೇಲೆ ಎರಡು ಮೂರು ವೈರು ಅಂಟಿಸಿದಳು, ಮುಖಕ್ಕೆ ದಪ್ಪನೆಯ ಕನ್ನಡಕ ಏರಿಸಿದಳು.

"ಇದಕ್ಕ ಆಗ್ಮೆಂಟೆಡ್ ರಿಯಾಲಿಟಿ ಅಂತಾರ್ರಿ ಸರ್. ಇದ್ದದ್ದು ಇದ್ದಂಗೇ ಕಾಣ್ತದ, ಅದರ ಮ್ಯಾಲ ಇಲ್ಲದ್ದು ತೋರಿಸ್ತದ" ಎಂದಳು.

ಇದ್ದದ್ದರ ಮೇಲೆ ಇಲ್ಲದ್ದನ್ನು ಹೊರಿಸುವುದಕ್ಕೆ ನಮ್ಮ ಹಿರಿಯರು ಅಧ್ಯಾಸ ಎಂದು ಹೆಸರಿಟ್ಟು, ಅದೇ ಎಲ್ಲ ದುಃಖಕ್ಕೆ ಮೂಲ ಎಂದಿದ್ದರು. ಇವರು ಅದನ್ನೇ ಔಷಧಿ ಮಾಡಿ ಮೂಗಿನ ಮೇಲೆ ಕೂರಿಸಿದ್ದರು. ಹಾಗೆ ನೋಡಿದರೆ ಶಹಾಪುರದವರಿಗೆ ಇದು ಹೊಸದೂ ಅಲ್ಲ. ನಮ್ಮ ಬೆಟ್ಟದ ಸಾಲಿನಲ್ಲಿ ಬುದ್ಧ ಮಲಗಿದ್ದಾನೆ. ಮೊದಲ ಸಲ ಯಾರಾದರೂ ಇದು ಹಣೆ, ಇದು ಮೂಗು, ಇದು ಎದೆ ಎಂದು ಬೆರಳು ಮಾಡಿ ತೋರಿಸಬೇಕು. ಒಮ್ಮೆ ಕಂಡನೆಂದರೆ ಆಮೇಲೆ ಬರೀ ಬಂಡೆ ನೋಡುತ್ತೇನೆಂದು ಹಟ ಹಿಡಿದರೂ ಆಗುವುದಿಲ್ಲ. ನಮ್ಮ ಓಣಿಯ ಬೌದ್ಧ ಮನೆಯವರು ಬಸ್ಸಿನಿಂದಲೇ ಅವನಿಗೆ ಕೈ ಮುಗಿಯುತ್ತಾರೆ. ಕಲ್ಲಿಗೆ ಮುಗಿದರೋ ಬುದ್ಧನಿಗೆ ಮುಗಿದರೋ ಎಂದು ಅವರನ್ನು ಕೇಳುವಷ್ಟು ಮೂರ್ಖ ನಾನಲ್ಲ.

ಕನ್ನಡಕದಲ್ಲಿ ಅದೇ ಕೋಣೆ ಕಾಣುತ್ತಿತ್ತು. ಅದೇ ಕ್ಯಾಲೆಂಡರು, ಅದೇ ಕಬ್ಬಿಣದ ಮಂಚ, ಅದೇ ಹುಡುಗಿ. ಕೆಳಗೆ ನೋಡಿದೆ. ತೋಳಿನ ತುದಿಯಲ್ಲಿ ಒಂದು ಕೈ ಇತ್ತು. ಮುಷ್ಟಿ ಕಟ್ಟಿದ ಕೈ.

ನಾನು ಮೊದಲು ಆಡಿದ ಮಾತು ಇವತ್ತಿಗೂ ಆ ಹುಡುಗಿಗೆ ನಗುವ ವಸ್ತುವಂತೆ. "ಇಷ್ಟು ಬೆಳ್ಳಗ ನಮ್ಮ ಮನ್ಯಾಗ ಯಾರೂ ಇಲ್ಲವ್ವಾ" ಎಂದಿದ್ದೆ. ಅವಳು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿ ಬಣ್ಣವನ್ನು ಗೋಧಿಗೆ ಇಳಿಸಿದಳು, ಆಮೇಲೆ ಇನ್ನೂ ಸ್ವಲ್ಪ ಇಳಿಸಿದಳು. ಉಗುರುಗಳು ಮಾತ್ರ ಜಾಹೀರಾತಿನವರ ಉಗುರಿನಂತೆ ಹೊಳೆಯುತ್ತಲೇ ಇದ್ದವು.

"ಈಗ ಸಾವಕಾಶ ಬಿಚ್ಚ್ರಿ ಸರ್."

ಬಿಚ್ಚಲು ನೋಡಿದೆ. ಮೋಟು ತೋಳಿನ ಸ್ನಾಯು ಅದುರಿತು. ಆ ಕೈಯ ಕಿರುಬೆರಳು ಎದ್ದಿತು. ಆಮೇಲೆ ಅದರ ಪಕ್ಕದ್ದು. ಕೊನೆಗೆ ಒಳಗೆ ಸಿಕ್ಕಿದ್ದ ಹೆಬ್ಬೆರಳು ಹೊರಗೆ ಬಂತು, ಅಂಗೈ ಬಿಚ್ಚಿಕೊಂಡಿತು. ಆ ಜೊತೆಗೇ, ಅದೇ ಕ್ಷಣಕ್ಕೆ, ನನ್ನ ನಿಜವಾದ ಕೈ, ಅಂದರೆ ನನ್ನ ಇಲ್ಲದ ಕೈ, ಅದೂ ಬಿಚ್ಚಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಕನ್ನಡಕದೊಳಗೆ ನೀರು ತುಂಬಿ ಆ ಕೈ ಕಲಸಿಹೋಯಿತು. ಹುಡುಗಿ ಕನ್ನಡಕ ತೆಗೆದು ಒರೆಸಿದಳು. ತೆಗೆದದ್ದೇ ತಡ, ಮುಷ್ಟಿ ಮತ್ತೆ ಮುಚ್ಚಿಕೊಂಡಿತು.

ಹೀಗೆ ಶುರುವಾಯಿತು ನನ್ನ ಯಾದಗಿರಿ ಯಾತ್ರೆ. ಕಾಲೇಜು ಮುಗಿಸಿ ಸುರಪುರದಿಂದ ಶಹಾಪುರಕ್ಕೆ, ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಯಾದಗಿರಿಗೆ. ಭೀಮಾ ಸೇತುವೆ ಬರುವ ಹೊತ್ತಿಗೆ ಮುಷ್ಟಿಗೆ ತಾನು ಎಲ್ಲಿಗೆ ಹೊರಟಿದ್ದೇನೆಂಬುದು ತಿಳಿದು ಇನ್ನಷ್ಟು ಬಿಗಿಯುತ್ತಿತ್ತು. ಅಲ್ಲಿ ಅರ್ಧ ತಾಸಿನ ಬಿಡುಗಡೆ. ಮತ್ತೆ ವಾಪಸು.

ಆ ಕೈಗೂ ಅದರದೇ ಚೇಷ್ಟೆಗಳಿದ್ದವು. ನಾನು ತಟ್ಟನೆ ಹೊರಳಿದರೆ ತೋಳು ನನ್ನ ಜೊತೆ ಬರುತ್ತಿತ್ತು, ಕೈ ಒಂದು ಕ್ಷಣ ಅಲ್ಲೇ ಗಾಳಿಯಲ್ಲಿ ಉಳಿದು ಆಮೇಲೆ ಓಡಿಬಂದು ಸೇರಿಕೊಳ್ಳುತ್ತಿತ್ತು. ಒಮ್ಮೆ ಕಳಕೊಂಡ ಕೈಯನ್ನು ಎಷ್ಟು ಸಲ ಕಳಕೊಳ್ಳುವುದು?

ತರಗತಿಯಲ್ಲಿ ನಾನು ಒಂದು ಪ್ರಶ್ನೆ ಕೇಳುವುದುಂಟು. ಒಂದು ಯಂತ್ರವಿದೆ, ಒಳಗೆ ಹೋದರೆ ಬೇಕಾದ ಸುಖವೆಲ್ಲ ಅನುಭವಕ್ಕೆ ಬರುತ್ತದೆ, ಆದರೆ ಯಾವುದೂ ನಿಜವಲ್ಲ, ಹೋಗುತ್ತೀರಾ? ಮಕ್ಕಳೆಲ್ಲ ಇಲ್ಲ ಸರ್ ಅನ್ನುತ್ತಾರೆ, ಮೇಷ್ಟರಿಗೆ ಏನು ಬೇಕೆಂಬುದು ಅವರಿಗೆ ಗೊತ್ತು. ಒಂದು ವರ್ಷ ಒಬ್ಬ ಹುಡುಗಿ ಮಾತ್ರ "ನಮ್ಮ ಮನಿಗಿಂತ ಚಲೋ ಇದ್ರ ಹೋಗ್ತೀನ್ರಿ ಸರ್" ಎಂದಿದ್ದಳು, ತರಗತಿಯೆಲ್ಲ ನಕ್ಕಿತ್ತು. ಯಾದಗಿರಿ ಬಸ್ಸಿನಲ್ಲಿ ನಿಂತಾಗ ಅವಳು ನೆನಪಾಗುತ್ತಿದ್ದಳು. ನಾನು ಆ ಯಂತ್ರಕ್ಕೆ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆ. ದೀಪಕ್ಕೆ ಹೆದರದ ಹಾವನ್ನು ಇನ್ನೊಂದು ಹಾವು ಬಂದು ಓಡಿಸುತ್ತಿತ್ತು. ಓಡಿಹೋದದ್ದು ಸುಳ್ಳು, ಓಡಿಸಿದ್ದು ಸುಳ್ಳು, ಆದರೆ ನನಗೆ ಸಿಕ್ಕ ನೆಮ್ಮದಿಯನ್ನು ಸುಳ್ಳೆನ್ನಲು ಬಂದವನಿಗೆ ನಾನು ಎಡಗೈಯಲ್ಲೇ ನಾಲ್ಕು ಬಿಗಿಯುತ್ತಿದ್ದೆ.

ಮುಷ್ಟಿ ಬಿಚ್ಚಿತೆಂದು ಮನೆಗೆ ಬಂದು ಅವ್ವನಿಗೆ ಹೇಳಿದ ದಿನ ಅವಳು ನನ್ನ ಪಕ್ಕ ಬಂದು ಕೂತು ಮೋಟು ತೋಳನ್ನು ಸವರಿದಳು. ಆಮೇಲೆ ಕೇಳಿದಳು.

"ಅಂಗೈಯಾಗ ಕಾಳು ಇದ್ದೂ ಏನಪಾ?"

ಹೌದು ಎಂದುಬಿಡಬಹುದಿತ್ತು. ಯಾಕೋ ನಾಲಿಗೆ ಏಳಲಿಲ್ಲ. "ಇಲ್ಲವ್ವ, ಖಾಲಿ ಇತ್ತು."

"ಹಂಗಾರ ಅದು ನಿನ್ನ ಕೈ ಅಲ್ಲ ಬಿಡು. ಯಾರ್ದರ ಇದ್ದೀತು" ಎಂದಳು. ಬೇಸರದಿಂದಲ್ಲ. ಬಸ್ಸಿನಲ್ಲಿ ಸಿಕ್ಕ ಚೀಲ ನಮ್ಮದಲ್ಲ ಎನ್ನುವ ಹಾಗೆ ಹೇಳಿ ಒಳಗೆ ಹೋದಳು.

ಮುಂದಿನ ಸಲ ನಾನು ಆ ಹುಡುಗಿಯನ್ನು ಅಂಗೈಯಲ್ಲಿ ತೊಗರಿ ಕಾಳು ತೋರಿಸಲಾಗುತ್ತದೆಯೇ ಎಂದು ಕೇಳಿದೆ. ಅವಳು ಹುಡುಕಿ ಹುಡುಕಿ, "ಚೆಂಡು ಅದರಿ ಸರ್, ಸೇಬು ಅದ. ಕಾಳು ಇಲ್ಲರಿ" ಎಂದಳು. ಮನೆಗೆ ಬಂದು ಅವ್ವನಿಗೆ ಇದನ್ನು ಹೇಳಲಿಲ್ಲ.

ಪ್ರಯೋಗದ ಅವಧಿ ಮುಗಿಯಿತು. ಕನ್ನಡಕವನ್ನು ಪೆಟ್ಟಿಗೆಗೆ ಹಾಕಿ ಬಂದಲ್ಲಿಗೆ ಕಳಿಸಿದರು. ತಪ್ಪು ಯಾರದೂ ಅಲ್ಲ, ಮೊದಲೇ ಹೇಳಿದ್ದರು. ಆ ಹುಡುಗಿ ಪಾಪ, ಮನೆಯಲ್ಲಿ ಕನ್ನಡಿ ಇಟ್ಟುಕೊಂಡು ಎಡಗೈಯ ಬಿಂಬವನ್ನೇ ಬಲಗೈ ಎಂದು ನೋಡುತ್ತಾ ಬಿಚ್ಚಿ ಎಂದು ಹೇಳಿಕೊಟ್ಟಳು. ಹಲವರಿಗೆ ಅದೂ ಒಗ್ಗುತ್ತದಂತೆ. ನನಗೆ ಒಗ್ಗಲಿಲ್ಲ. ಕನ್ನಡಿಯಲ್ಲಿ ಕೈಯ ಜೊತೆ ನನ್ನ ಮುಖವೂ ಇಣುಕುತ್ತಿತ್ತು, ಆ ಮುಖ ನನ್ನನ್ನು ನಂಬುತ್ತಿರಲಿಲ್ಲ.

ಆ ದಿನಗಳನ್ನು ನೆನೆಯಲು ನನಗೆ ಇಷ್ಟವಿಲ್ಲ. ಬಿಡುಗಡೆಯ ರುಚಿ ಗೊತ್ತಿಲ್ಲದಾಗ ಮುಷ್ಟಿಯ ಜೊತೆ ಹೇಗೋ ಬದುಕಿದ್ದೆ. ಗೊತ್ತಾದ ಮೇಲೆ ಬದುಕಲಾಗಲಿಲ್ಲ. ತರಗತಿಯಲ್ಲಿ ಮಕ್ಕಳ ಮೇಲೆ ರೇಗಿದೆ, ಸೀಮೆಸುಣ್ಣ ಎಸೆದೆ, ಅನ್ನದ ತಟ್ಟೆಯ ಮುಂದಿಂದ ಎದ್ದುಹೋದೆ. ಅವ್ವ ನನ್ನ ಎದುರಿಗೆ ಬರುವುದನ್ನೇ ಬಿಟ್ಟಳು.

ಒಂದು ಸಂಜೆ ನಾನು ಮಂಚದ ಮೇಲೆ ಹಲ್ಲು ಕಚ್ಚಿ ಕೂತಿದ್ದೆ. ಹೆಂಡತಿ ಹೊಲಿಗೆ ಮಷೀನಿನಿಂದ ಎದ್ದು ಬಂದಳು. ಅವಳು ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ, ಓಣಿಯ ಅರ್ಧ ಹೆಣ್ಣುಮಕ್ಕಳ ಅಳತೆ ಅವಳ ಬೆರಳಲ್ಲಿದೆ. ಅಲ್ಲಿಯವರೆಗೆ ನನ್ನ ಅಂಗಿಯ ಗುಂಡಿ ಹಾಕಿದ್ದಳು, ರೊಟ್ಟಿ ಮುರಿದು ಕೊಟ್ಟಿದ್ದಳು, ನೋವಿನ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಬಂದವಳು ನನ್ನ ಬೆನ್ನ ಹಿಂದೆ ಕೂತು, "ತೋಳು ತುಸು ಎತ್ರಿ" ಎಂದಳು.

ಎತ್ತಿದೆ. ತನ್ನ ಬಲಗೈಯನ್ನು ಅಂಗಿಯೊಳಗಿನಿಂದ ನನ್ನ ಕಂಕುಳ ಕೆಳಗೆ ಮುಂದಕ್ಕೆ ತೂರಿಸಿ, ಮೋಟು ತೋಳನ್ನು ಹಿಂದಕ್ಕೆ ಸರಿಸಿ, ನನ್ನ ಅಂಗಿಯ ಖಾಲಿ ತೋಳಿನೊಳಗೆ ತನ್ನ ಮುಂಗೈ ಇಳಿಸಿದಳು. ಗಾಜಿನ ಬಳೆ ಕಿಣಿಕಿಣಿ ಎಂದವು.

"ಬಳಿ ಸಪ್ಪಳ ಆಗ್ತದ" ಎಂದೆ. ಬಾಯಿಗೆ ಬಂದದ್ದು ಅಷ್ಟೇ.

ಬಳೆ ತೆಗೆ ಎಂದು ಗಂಡನಾದವನು ಹೇಳುವ ಹಾಗಿಲ್ಲ, ಮುತ್ತೈದೆ ತೆಗೆಯುವ ಹಾಗೂ ಇಲ್ಲ. ಅವಳು ಕೈ ಹೊರಗೆಳೆದು, ಬಳೆಗಳನ್ನೆಲ್ಲ ಮೊಣಕೈವರೆಗೆ ಒತ್ತಿ ಏರಿಸಿ, ಮೇಲೆ ಕರ್ಚೀಫು ಬಿಗಿದು ಕಟ್ಟಿ, ಮತ್ತೆ ತೂರಿಸಿದಳು. ತೋಳಿನ ತುದಿಯಿಂದ ಮುಷ್ಟಿಯೊಂದು ಹೊರಗೆ ಬಂತು. ಚಿಕ್ಕ ಕೈ, ಕಪ್ಪು ಕೈ, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗಂಟುಗಳು. ಬಣ್ಣ ನನ್ನದಲ್ಲ, ಅಳತೆ ನನ್ನದಲ್ಲ.

"ನೀವು ಹೇಳ್ರಿ, ನಾ ಬಿಚ್ತೀನಿ."

"ಕಿರುಬೆರಳು" ಎಂದೆ. ಅದು ಎದ್ದಿತು. ಒಂದೊಂದೇ ಬೆರಳು ಹೇಳಿದೆ. ಹೆಬ್ಬೆರಳಿಗೆ ಬರುವ ಹೊತ್ತಿಗೆ ಹೇಳುವ ಅಗತ್ಯವೇ ಇರಲಿಲ್ಲ, ನನ್ನ ಕೈ ಪೂರಾ ಬಿಚ್ಚಿಕೊಂಡಿತ್ತು. ಯಾದಗಿರಿಯಲ್ಲಿ ಬಿಚ್ಚಿದ್ದಕ್ಕಿಂತ ಅಗಲವಾಗಿ. ನಾನು ಅವಳ ಭುಜಕ್ಕೆ ತಲೆ ಆನಿಸಿದೆ. ಅವಳ ಎದೆ ಬಡಿತ ನನ್ನ ಬೆನ್ನಿಗೆ ತಿಳಿಯುತ್ತಿತ್ತು.

ಆಮೇಲೆ ಅದು ದಿನದ ಪರಿಪಾಠವಾಯಿತು. ಕಾಲೇಜಿನಿಂದ ಬಂದವನು ಚಪ್ಪಲಿ ಬಿಟ್ಟು ನೇರ ಮಂಚಕ್ಕೆ ಹೋಗುತ್ತಿದ್ದೆ. ಅವಳು ಹೊಲಿಯುತ್ತಿದ್ದದ್ದನ್ನು ಅಲ್ಲಿಗೇ ನಿಲ್ಲಿಸಿ ಬರುತ್ತಿದ್ದಳು. ಕೈ ತೆಗೆದರೆ ಸ್ವಲ್ಪ ಹೊತ್ತಿಗೆ ಮುಷ್ಟಿ ಮತ್ತೆ ಕಟ್ಟುತ್ತಿತ್ತು, ಅದಕ್ಕೇ ತೆಗೆಯಲು ಬಿಡುತ್ತಿರಲಿಲ್ಲ. "ಇನ್ನೊಂಚೂರು" ಅನ್ನುತ್ತಿದ್ದೆ. ಕತ್ತರಿಸಿಟ್ಟ ಕುಪ್ಪಸಗಳು ಮಷೀನಿನ ಪಕ್ಕ ಏರಿದವು. ಹೆಂಗಸರು ಬಾಗಿಲಿಗೆ ಬಂದು ಕೇಳಿ ಹೋಗುತ್ತಿದ್ದರು. ಅವಳು ನನ್ನ ಬೆನ್ನ ಹಿಂದಿನಿಂದಲೇ, "ನಾಳಿ ಕೊಡ್ತೀನಿ ಅಕ್ಕಾ" ಎಂದು ಕೂಗಿ ಹೇಳುತ್ತಿದ್ದಳು.

ಒಂದು ರವಿವಾರ ಮಧ್ಯಾಹ್ನ ಹಾಗೇ ಒರಗಿ ಕೂತವನಿಗೆ ನಿದ್ದೆ ಹತ್ತಿತು. ಕೈ ಹೋದ ಮೇಲೆ ಅಂಥ ನಿದ್ದೆ ಮಾಡಿರಲಿಲ್ಲ. ಎಚ್ಚರವಾದಾಗ ಬಿಸಿಲು ಗೋಡೆಯಿಂದ ಇಳಿದು ಹೊಸ್ತಿಲಾಚೆ ಹೋಗಿತ್ತು. ನನ್ನ ತೊಡೆಯ ಮೇಲೆ ಅವಳ ಕೈ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಅವಳು ಒಂದು ಕೂದಲಷ್ಟೂ ಅಲುಗಿರಲಿಲ್ಲ. ಅವ್ವ ಒಳಗಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ಮುಖ ತಿರುಗಿಸಿ ಹೋದಳು.

ನಾನು ಮುಂದೆ ಬಗ್ಗಿದೆ. ಅವಳು ಕೈ ಎಳೆದುಕೊಂಡಳು. ಎಳೆದದ್ದಲ್ಲ, ಎಡಗೈಯಿಂದ ಬಲಗೈಯನ್ನು ಎತ್ತಿ ಹೊರಗೆ ತಂದಳು. ಅದು ಅವಳ ಮಡಿಲಿಗೆ ಬಿದ್ದು ಬಿದ್ದಲ್ಲೇ ಉಳಿಯಿತು. ಕರ್ಚೀಫು ಬಿಗಿದಲ್ಲಿ ಬಳೆಗಳ ಗುರುತು ಆಳವಾಗಿ ಮೂಡಿತ್ತು. ಅವಳು ಎಡಗೈಯ ಉಗುರಿನಿಂದ ಬಲಗೈಯ ಬೆರಳನ್ನು ಚಿವುಟಿ ನೋಡಿಕೊಂಡಳು, ಇನ್ನೊಮ್ಮೆ ಜೋರಾಗಿ ಚಿವುಟಿದಳು.

"ಜೋಮು ಹಿಡದದರಿ. ಕೈ ಎಲ್ಲದ ಅಂಬೂದ ತಿಳಿವಲ್ದು ನೋಡ್ರಿ ನನಗ" ಎಂದು ನಗಲು ನೋಡಿದಳು. ಮಂಚದ ಮೇಲಿದ್ದ ಕತ್ತರಿ ಎತ್ತಲು ಹೋದಳು, ಅದು ಬೆರಳುಗಳಿಂದ ಜಾರಿ ನೆಲಕ್ಕೆ ಬಿತ್ತು. ನಾನು ಆ ಕೈಯನ್ನೇ ನೋಡುತ್ತಿದ್ದೆ. ಕಣ್ಣೆದುರಿಗಿತ್ತು, ಅವಳಿಗೆ ಮಾತ್ರ ಇರಲಿಲ್ಲ.

"ನಿಮ್ದು ಹ್ಯಾಂಗದರಿ? ಬಿಚ್ಚೇದೇನು?" ಎಂದು ಕೇಳಿದಳು.

ಅಷ್ಟರಲ್ಲೇ ನನ್ನ ಕಿರುಬೆರಳು ಮಡಚಿಕೊಳ್ಳಲು ಶುರು ಮಾಡಿತ್ತು. "ಮತ್ತ ಮುಚ್ಚಾಕತ್ತದ" ಎಂದೆ.

"ತಡೀರಿ, ಬಂದೆ" ಎಂದು ಆ ಸತ್ತ ಕೈಯನ್ನು ಎಡಗೈಯಿಂದ ಎತ್ತಿಕೊಂಡು ಅವಳು ಮತ್ತೆ ನನ್ನ ಹಿಂದಕ್ಕೆ ಸರಿದಳು.

ಬೇಡ ಅನ್ನಬೇಕಿತ್ತು. ನಾನು ತೋಳೆತ್ತಿ ಜಾಗ ಮಾಡಿಕೊಟ್ಟೆ.